ಆಶಾವಾದಿಯೂ ಆಸೆಯೂ: ‘ಸ’ ತಪ್ಪಲ್ಲ

ಪ್ರಶ್ನೆ: ‘ಆಶಾವಾದಿ’ ಪದ ಎಲ್ಲಿಂದ ಬಂತು? ‘ಆಶೆ’ ಎಂದರೆ ಭರವಸೆ, ‘ಆಸೆ’ ಎಂದರೆ ದುರಾಸೆ ಅಂತಾರಲ್ಲ, ನಿಜವೇ?

ಪೊನ್ನಂಪೇಟೆಯಿಂದ, ಸೋಮವಾರಪೇಟೆಯಿಂದ, ಕೊನೆಗೆ ಮದುವೆ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಆಶಾ ಎಂದರೆ ಭರವಸೆ. ವಾದಿ ಎಂದರೆ ಒಂದು ನಿಲುವು ಹಿಡಿದು ಮಾತಾಡುವವನು, ಸಮಾಜವಾದಿ ಇದ್ದ ಹಾಗೆ. ಎರಡೂ ಸಂಸ್ಕೃತದವು, ಜೋಡಿ ಮಾತ್ರ ಹೊಸಗಾಲದ್ದು, ಇಂಗ್ಲಿಷಿನ ಆಪ್ಟಿಮಿಸ್ಟ್‌ಗೆ ಸಾಟಿಯಾಗಿ ಬಂದದ್ದು. ಆ ಇಂಗ್ಲಿಷ್ ಪದದ ಬೇರಿನಲ್ಲಿ ಆಸೆಯೇ ಇಲ್ಲ. ಲ್ಯಾಟಿನ್ನಿನ ‘ಆಪ್ಟಿಮಮ್’ ಎಂದರೆ ಅತ್ಯುತ್ತಮ. ಇರಬಹುದಾದ ಲೋಕಗಳಲ್ಲಿ ಇದೇ ಅತ್ಯುತ್ತಮ ಎಂದ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್‌ನ ಮತಕ್ಕೆ 1737ರಲ್ಲಿ ಫ್ರೆಂಚರು ಇಟ್ಟ ಹೆಸರಿನಿಂದ ಅದು ಹುಟ್ಟಿತು.

ಇನ್ನು ಎರಡನೆಯದು. ಎಷ್ಟು ಸಲ ಹೇಳಿದರೂ ಮತ್ತೆ ಚಿಗುರುವ ಕಳೆ ಇದು. ಪಕ್ಕದ ಮನೆ ಹುಡುಗಿ ತಂದ ನೋಟ್‌ಬುಕ್ಕಿನಲ್ಲಿ ‘ಈ ವಾರ ಹೂಮಳೆ ಬರುವ ಆಸೆ ಇದೆ’ ಎಂಬ ಸಾಲಿತ್ತು (ಹೂಮಳೆ ಎಂದರೆ ಕಾಫಿ ಹೂವು ಅರಳಿಸುವ ಮಳೆ). ‘ಆಸೆ’ಗೆ ಕೆಂಪು ಶಾಯಿ ಸುತ್ತಿ ‘ಆಶೆ’ ಎಂದು ತಿದ್ದಿದ್ದರು. ನನಗೆ ಸಂಕಟವಾಯಿತು. ಮಾರ್ಚಿನಲ್ಲಿ ಕಾಫಿ ಮೊಗ್ಗು ನೋಡುತ್ತಾ, ಮಳೆ ಅಳತೆಯ ಡಬ್ಬಿಯಲ್ಲಿ ಹತ್ತು ಸೆಂಟಾದರೂ (ಇಂಚಿನ ಹತ್ತನೇ ಒಂದು ಭಾಗ) ಬಿದ್ದಿದೆಯೇ ಎಂದು ಬಗ್ಗಿ ನೋಡುವವನದು ದುರಾಸೆಯೇ?

ಸಂಸ್ಕೃತದ ‘ಶ’ ಕನ್ನಡದ ಬಾಯಲ್ಲಿ ‘ಸ’ ಆಗುತ್ತದೆ. ಕಲಶ ಕಳಸವಾಯಿತು, ಆಕಾಶ ಆಗಸವಾಯಿತು, ದಿಶಾ ದೆಸೆಯಾಯಿತು. ಹಾಗೆಯೇ ಆಶಾ ಆಸೆಯಾಯಿತು. ತದ್ಭವ ಎಂದರೆ ತಪ್ಪು ಉಚ್ಚಾರಣೆ ಅಲ್ಲ; ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇಂಥ ಪದಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಆಸೆಯೇ ದುರಾಸೆಯಾಗಿದ್ದರೆ ಅದಕ್ಕೆ ‘ದುರ್’ ಅಂಟಿಸುವ ಅಗತ್ಯ ಏನಿತ್ತು? ನಿರಾಸೆ ಎಂದರೆ ಲೋಭ ಬಿಟ್ಟ ಸ್ಥಿತಿ ಎಂದು ಯಾರಾದರೂ ಹೇಳುತ್ತಾರೆಯೇ? ಡಾಕ್ಟರು ‘ಇನ್ನೂ ಆಸೆ ಇದೆ’ ಎಂದಾಗ ಮನೆಯವರ ಕಣ್ಣಲ್ಲಿ ನೀರು ಬರುವುದು ಭರವಸೆಗೇ. ‘ಆಸೆವಾದಿ’ ಎನ್ನದಿರುವುದಕ್ಕೆ ಕಾರಣ ಸಮಾಸದ ಮರ್ಯಾದೆ: ವಾದಿ ಸಂಸ್ಕೃತ ಪದ, ಜೊತೆಗೆ ಆಶಾ ಬೇಕು. ಬುರುಕ ನಮ್ಮದು, ಆದ್ದರಿಂದ ಆಸೆಬುರುಕ. ಅಲ್ಲಿ ಅತಿ ಇರುವುದು ಬುರುಕದಲ್ಲಿ.

ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಂಸ್ಕೃತದಲ್ಲಿ ಆಶಾ ಎಂದರೆ ದಿಕ್ಕು ಕೂಡ. ಅಮರಕೋಶ ದಿಕ್ಕಿನ ಹೆಸರುಗಳ ಸಾಲಿನಲ್ಲೇ ಅದನ್ನು ಕೊಡುತ್ತದೆ. ‘ಆಶಾಗಜ’ ಎಂಬ ಪದ ಕಂಡರೆ ನಮ್ಮ ಕೊಡಗಿನ ಮಕ್ಕಳು ಹಲಸಿನ ಹಣ್ಣಿನ ಆಸೆಗೆ ತೋಟಕ್ಕೆ ಇಳಿದ ಆನೆ ಎಂದುಕೊಂಡಾರು. ಅದು ದಿಗ್ಗಜ, ದಿಕ್ಕನ್ನು ಕಾಯುವ ಆನೆ.