ಮುಂದಿನ ಡಿಫರೆನ್ಷಿಯಲ್‌ಗೆ ರಜೆ ಉಂಟಾ?

ಮೊನ್ನೆ ಮಳೆ ಬಿಟ್ಟ ದಿನ ಮುಳ್ಳೇರಿಯಾದ ನಮ್ಮ ಗ್ಯಾರೇಜಿಗೆ ದೇಲಂಪಾಡಿ ಕಡೆಯ ಅಡಿಕೆ ಕೃಷಿಕರೊಬ್ಬರು ಹಳೇ ಜೀಪು ತಂದರು. "ಅಣ್ಣಾ, ಫೋರ್‌ವೀಲ್ ಲಿವರ್ ಬರ್ತಾ ಇಲ್ಲ. ಸ್ಟೇರಿಂಗೂ ಕಲ್ಲಿನ ಹಾಗೆ ಆಗಿದೆ." ತೋಟದ ಕೆಸರಿನಲ್ಲಿ ಹಾಕಿದ ಫೋರ್‌ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ತೆಗೆಯದೆ ಡಾಂಬರು ರಸ್ತೆಯಲ್ಲೇ ಬಂದಿದ್ದರು. ನೇರಕ್ಕೆ ನಾಲ್ಕು ಮಾರು ರಿವರ್ಸ್ ತೆಗೆದೆ. ಟಕ್ಕೆಂದು ಲಿವರ್ ಬಿಟ್ಟಿತು.

"ಭಾವನ ಹಳೇ ಫಾರ್ಚೂನರ್ ಯಾವಾಗಲೂ ಫೋರ್‌ವೀಲ್‌ನಲ್ಲೇ ಓಡುತ್ತದೆ. ಅದಕ್ಕೇನೂ ಆಗುವುದಿಲ್ಲ, ಅಲ್ವಾ?" ಎಂದರು.

ಒಳ್ಳೇ ಪ್ರಶ್ನೆ. ಎರಡೂ ಗಾಡಿಯ ಮುಂದಿನ ಡಿಫರೆನ್ಷಿಯಲ್ ಬಿಚ್ಚಿಟ್ಟರೆ ಒಳಗೆ ಅದೇ ಕ್ರೌನ್ (ದೊಡ್ಡ ಗೇರು), ಅದನ್ನು ತಿರುಗಿಸುವ ಅದೇ ಪಿನಿಯನ್, ಅವೇ ಸಣ್ಣ ಗೇರುಗಳು. ತಿರುವಿನಲ್ಲಿ ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಕೆಲಸ. ವ್ಯತ್ಯಾಸ ಇರುವುದು ಅದರ ಹಿಂದೆ ಮತ್ತು ಪಕ್ಕದಲ್ಲಿ.

ಮೊದಲು ಹಿಂದಿನದ್ದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಅಂದರೆ ಮುಂದಿನ ಶಾಫ್ಟ್ ಸ್ವಲ್ಪ ಜಾಸ್ತಿ ತಿರುಗಬೇಕು. ಯಾವಾಗಲೂ ಫೋರ್‌ವೀಲ್‌ನಲ್ಲೇ ಓಡುವ ಫುಲ್‌ಟೈಮ್ ಗಾಡಿಯಲ್ಲಿ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೆ ಮೂರನೆಯ ಡಿಫರೆನ್ಷಿಯಲ್ ಇದ್ದು ಆ ಲೆಕ್ಕ ಸರಿ ಮಾಡುತ್ತದೆ. (ಅದನ್ನು ಲಾಕ್ ಮಾಡಿದರೆ ಅಲ್ಲೂ ಇದೇ ತಾಪತ್ರಯ.) ಈ ಜೀಪಿನಂಥ, ಬೇಕಾದಾಗ ಮಾತ್ರ ಫೋರ್‌ವೀಲ್ ಹಾಕುವ ಪಾರ್ಟ್‌ಟೈಮಿನಲ್ಲಿ ಅದಿಲ್ಲ. ಲಿವರ್ ಹಾಕಿದರೆ ಎರಡೂ ಶಾಫ್ಟ್ ಬೆಸೆದ ಹಾಗೆ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ತೀರುತ್ತದೆ. ಡಾಂಬರಿನಲ್ಲಿ ಜಾರುವುದು ಹೇಗೆ? ಶಾಫ್ಟು, ಗೇರು ಎಲ್ಲ ಹಗ್ಗ ಹೊಸೆದಂತೆ ಬಿಗಿಯುತ್ತವೆ. ನಾನು ರಿವರ್ಸ್ ತೆಗೆದದ್ದು ಆ ಹೊಸೆತ ಬಿಚ್ಚಲಿಕ್ಕೆ.

ಇನ್ನು ಪಕ್ಕದ್ದು. ಪಾರ್ಟ್‌ಟೈಮ್ ಗಾಡಿ ಟೂವೀಲ್‌ನಲ್ಲಿ ಓಡುವಾಗ ಎಂಜಿನ್ನಿನ ಬಲ ಮುಂದಕ್ಕೆ ಬರುವುದೇ ಇಲ್ಲ. ಚಕ್ರವನ್ನು ಶಾಫ್ಟಿನಿಂದ ಬಿಡಿಸುವ ಫ್ರೀವೀಲ್ ಹಬ್ ಇದ್ದು, ಅದನ್ನು ಬಿಟ್ಟಿದ್ದರೆ ಚಕ್ರ ಮಾತ್ರ ತಿರುಗುತ್ತದೆ, ಡಿಫರೆನ್ಷಿಯಲ್ ಆರಾಮಾಗಿ ಮಲಗಿರುತ್ತದೆ. ಕೆಲವು ಗಾಡಿಗಳಲ್ಲಿ ಒಂದು ಬದಿಯ ಶಾಫ್ಟಿನ ಜೋಡಣೆಯನ್ನಷ್ಟೇ ಬಿಡಿಸುತ್ತಾರೆ. ಆಗ ಕ್ರೌನ್ ನಿಂತಿರುತ್ತದೆ, ಒಳಗಿನ ಸಣ್ಣ ಗೇರುಗಳು ಸುಮ್ನೆ ಸುತ್ತುತ್ತವೆ. ಬಿಡಿಸಿದ ಬದಿಯ ಶಾಫ್ಟ್ ತುಂಡು ಉಲ್ಟಾ ತಿರುಗುತ್ತದೆ! ನನಗೆ ಈಗಲೂ ನೋಡಲು ಖುಷಿ.

ಫುಲ್‌ಟೈಮಿನದ್ದಕ್ಕೆ ರಜೆಯೇ ಇಲ್ಲ. ಗಾಡಿ ಓಡಿದಷ್ಟೂ ಹೊರೆ ಹೊರಬೇಕು. ಸ್ಟೇರಿಂಗ್ ತಿರುಗಿಸಿದಾಗಲೂ ಬಲ ಎಳೆತವಿಲ್ಲದೆ ಹೋಗಬೇಕು. ಅದಕ್ಕೇ ಚಕ್ರದ ಹತ್ತಿರ ಸಿವಿ ಜಾಯಿಂಟ್ (ಬಾಗಿದಾಗಲೂ ಒಂದೇ ವೇಗದಲ್ಲಿ ತಿರುಗಿಸುವ ಕೊಂಡಿ) ಬೇಕು. ಹಳೇ ಕ್ರಾಸ್ ಜಾಯಿಂಟ್ ಆದರೆ ತಿರುವಿನಲ್ಲಿ ಕೈಗೆ ಜಗ್ಗುತ್ತದೆ.

ಹೆಸರು ನೋಡಿ ನಂಬಬೇಡಿ. 2009ರಲ್ಲಿ ನಮ್ಮ ದೇಶಕ್ಕೆ ಬಂದ ಫಾರ್ಚೂನರ್ ಫುಲ್‌ಟೈಮ್, 2016ರ ಕೊನೆಗೆ ಬಂದದ್ದು ಪಾರ್ಟ್‌ಟೈಮ್.

ಮಲಗಿದ್ದಕ್ಕೂ ಆರೈಕೆ ಬೇಕು. ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ, ಲಿವರ್ ಟೂವೀಲ್‌ನಲ್ಲೇ ಇಟ್ಟು, ಸ್ವಲ್ಪ ದೂರ ಓಡಿಸಿದರೆ ಆಯಿಲ್ ಮೇಲಿನ ಬೇರಿಂಗಿಗೂ ಸೀಲಿಗೂ ತಾಗುತ್ತದೆ. ತೋಡು ದಾಟುವವರಾದರೆ ನೀರು ಸೇರಿದೆಯಾ ಅಂತ ನೋಡಬೇಕು. ಅವರ ಜೀಪಿನ ಮುಂದಿನ ಪ್ಲಗ್ ಬಿಚ್ಚಿದೆ. ನೀರು ಸೇರಿದ ಆಯಿಲ್ ಹಾಲು ಹಾಕಿದ ಚಾ ಹಾಗೆ ಇಳಿಯಿತು.

"ಇದನ್ನು ಬದಲಿಸಿ ಎಷ್ಟು ವರ್ಷ ಆಯ್ತು?" ಎಂದೆ.

"ಮುಂದೆಯೂ ಆಯಿಲ್ ಇರ್ತದಾ?" ಎಂದರು.