ನರೆತ ಎಲೆ, ಕೆಂಪು ಹೂವು: ಕ್ಯಾಲಿಫೋರ್ನಿಯಾ ಫ್ಯೂಷಿಯಾ ಬಗ್ಗೆ ನನ್ನ ನೋಟ್ಸ್

ನಮ್ಮ ಓದೋ ಗುಂಪಲ್ಲಿ ಈ ಸಲ ನನ್ನ ಪಾಲಿಗೆ ಬಂದಿರೋ ಗಿಡ ಕ್ಯಾಲಿಫೋರ್ನಿಯಾ ಫ್ಯೂಷಿಯಾ. ಇದ್ರಲ್ಲಿ ಅರ್ಧ ಕ್ಲಾಸಲ್ಲಿ ಬರ್ಕೊಂಡಿದ್ದು, ಇನ್ನರ್ಧ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮನೆ ಮುಂದೆ ಒಂದು ಗಿಡ ಸಾಯಿಸಿ ಮೂರು ಉಳಿಸ್ಕೊಂಡು ಕಲ್ತಿದ್ದು. ಲಾನ್ ತೆಗೆದು ನೇಟಿವ್ ಗಿಡ, ಅಂದ್ರೆ ಇಲ್ಲಿಯದೇ ಕಾಡು ಗಿಡ, ಹಾಕೋಣ ಅಂತ ಶುರು ಮಾಡಿರೋರಿಗೆ ಇದು ಒಳ್ಳೇ ಮೊದಲ ಗಿಡ, ಆದ್ರೆ ನಮ್ಮೂರಿನ ಅಭ್ಯಾಸದಲ್ಲಿ ಬೆಳಗ್ಗೆ ಎದ್ದ ತಕ್ಷಣ ಪೈಪ್ ಹಿಡಿಯೋರಿಗೆ ಅಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದ್ಲು ಹೆಸರಿನ ಗೊಂದಲ ಮುಗಿಸಿಬಿಡೋಣ. ನರ್ಸರಿ ಚೀಟಿ ಮೇಲೆ ಒಂದ್ಕಡೆ ಜಾಶ್ನೇರಿಯಾ ಅಂತಿರುತ್ತೆ, ಇನ್ನೊಂದ್ಕಡೆ ಎಪಿಲೋಬಿಯಂ ಅಂತ. ಎರಡೂ ಒಂದೇ. 1831ರಲ್ಲಿ ಪ್ರೆಸ್ಲ್ ಅನ್ನೋ ಸಸ್ಯಶಾಸ್ತ್ರಜ್ಞ ಪ್ರಾಗ್‌ನಲ್ಲಿದ್ದ ಜಾಶ್ನರ್ ಅನ್ನೋ ಪ್ರೊಫೆಸರ್ ನೆನಪಿಗೆ ಹಳೇ ಹೆಸರಿಟ್ಟಿದ್ದು, ಆಮೇಲೆ 1970ರ ದಶಕದಲ್ಲಿ ಪೀಟರ್ ರೇವನ್ ಇದನ್ನ ಎಪಿಲೋಬಿಯಂ ಕುಲಕ್ಕೆ ಸೇರಿಸಿದ್ರು. ಈಗಿನ ಪೂರ್ತಿ ಹೆಸರು ಎಪಿಲೋಬಿಯಂ ಕ್ಯಾನಮ್. ಕ್ಯಾನಮ್ ಅಂದ್ರೆ ಲ್ಯಾಟಿನ್ನಲ್ಲಿ ನರೆತದ್ದು, ತಲೆಗೂದಲು ನರೆತ ಹಾಗೆ, ಎಲೆ ಬಣ್ಣಕ್ಕೆ ಇದಕ್ಕಿಂತ ಒಳ್ಳೇ ಪದ ಸಿಗಲ್ಲ. ನೇತಾಡೋ ಹೂವಿನ ಕುಂಡದ ಫ್ಯೂಷಿಯಾ ಇದೆಯಲ್ಲ, ಅದೂ ಇದೂ ಒಂದೇ ಕುಟುಂಬ, ಆದ್ರೆ ಅದು ನೆರಳು ಮತ್ತು ತೇವ ಕೇಳುತ್ತೆ, ಇದು ಬಿಸಿಲು. ಆ ಹೆಸರು ನೋಡಿ ನೆರಳಲ್ಲಿ ನೆಟ್ರೆ ಕಡ್ಡಿ ಉದ್ದ ಬೆಳೆದು ನೆಲಕ್ಕೆ ಬೀಳುತ್ತೆ ಅಷ್ಟೆ.

ಈಗ ಎಲೆ. ಬೂದಿ ಬಣ್ಣ ಅಂತೀವಲ್ಲ, ಅದು ಎಲೆಯ ಒಳಗಿನ ಬಣ್ಣ ಅಲ್ಲ, ಮೇಲಿರೋ ರೋಮದ್ದು. ಎಕ್ಕದ ಎಲೆ ನೆನಪು ಮಾಡ್ಕೊಳ್ಳಿ, ರಥಸಪ್ತಮಿ ದಿನ ತಲೆ ಮೇಲೆ ಇಟ್ಕೊಂಡು ಸ್ನಾನ ಮಾಡ್ತೀವಲ್ಲ ಅದೇ, ಎಳೇ ಎಲೆ ಮೇಲೆ ಬೆರಳಾಡಿಸಿದ್ರೆ ಬಿಳೀ ಹಿಟ್ಟಿನ ಥರ ಉದುರಿ ಕೆಳಗೆ ಹಸಿರು ಕಾಣುತ್ತೆ. ಇದೂ ಹಾಗೇ, ಆದ್ರೆ ರೋಮ ಸುಲಭಕ್ಕೆ ಉದುರಲ್ಲ. ಮಕ್ಕಳ ಭೂತಗನ್ನಡಿ ಇಸ್ಕೊಂಡು ನೋಡಿದ್ರೆ ಸಣ್ಣ ಕಂಬಳಿ ಹೊದ್ದ ಹಾಗೆ ಕಾಣುತ್ತೆ. ಕೆಲಸ ಎರಡು: ಬಿಸಿಲನ್ನ ವಾಪಸ್ ಚೆಲ್ಲಿ ಎಲೆ ಕಾಯದ ಹಾಗೆ ನೋಡ್ಕೊಳ್ಳೋದು, ಮತ್ತೆ ಎಲೆ ಪಕ್ಕದ ಗಾಳಿಯನ್ನ ಹಿಡಿದಿಟ್ಟು ನೀರು ಬೇಗ ಆವಿಯಾಗದ ಹಾಗೆ ತಡೆಯೋದು. ಎಲೆ ಕೂಡ ಕಿರಿದು. ಅಂದ್ರೆ ಗಿಡ ತನ್ನ ಮೈಮೇಲೇ ಬರ್ಕೊಂಡಿದೆ ನಂಗೆ ಬೇಸಿಗೇಲಿ ನೀರು ಬರಲ್ಲ ಅಂತ ಗೊತ್ತು, ಅದಕ್ಕೆ ರೆಡಿ ಇದ್ದೀನಿ ಅಂತ. ನೆರಳಲ್ಲಿ ಬೆಳೆಸಿದ್ರೆ ಅಥವಾ ನೀರು ಜಾಸ್ತಿ ಆದ್ರೆ ಅದೇ ಗಿಡ ಹಸಿರು ತಿರುಗುತ್ತೆ, ಬೆಳ್ಳಿ ಬಣ್ಣ ಬೇಕು ಅಂತಲೇ ತಂದೋರು ಇದನ್ನ ಗಮನಿಸಿ.

ಹೂವನ್ನ ಅಡಿಗೆಮನೆ ಟೇಬಲ್ ಮೇಲೆ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ನೋಡಿದೆ, ನೀವೂ ಮಾಡಿ, ಹತ್ತು ನಿಮಿಷದ ಕೆಲಸ. ಇದು ನಾಲ್ಕರ ಮಗ್ಗಿ. ಹೊರಗೆ ನಾಲ್ಕು ಪುಷ್ಪಪತ್ರ (ಮೊಗ್ಗನ್ನ ಮುಚ್ಚಿರೋ ಹೊರ ಪದರ), ಅವೂ ಕೆಂಪೇ, ಹಾಗಾಗಿ ಎಸಳು ಅಂತ ಮೋಸ ಹೋಗ್ತೀವಿ. ಒಳಗೆ ನಾಲ್ಕು ಎಸಳು, ಒಂದೊಂದರ ತುದಿ ಎರಡಾಗಿ ಸೀಳಿರುತ್ತೆ, ಹಾಗಾಗಿ ಎಂಟು ಅಂತ ಎಣಿಸ್ತೀವಿ, ನಾನು ಮೊದಲ ಸಲ ಹಾಗೇ ತಪ್ಪು ಬರ್ದಿದ್ದೆ. ಪರಾಗ ಇರೋ ಕೇಸರ ಮಾತ್ರ ನಿಜವಾಗ್ಲೂ ಎಂಟು. ಶಲಾಕೆ, ಅಂದ್ರೆ ಅಂಡಾಶಯದಿಂದ ಹೊರಡೋ ದಾರದಂಥ ಭಾಗ, ಎಲ್ಲಕ್ಕಿಂತ ಮುಂದೆ ಚಾಚ್ಕೊಂಡು ತುದೀಲಿ ನಾಲ್ಕು ಭಾಗವಾಗಿರುತ್ತೆ. ಇನ್ನು ಹೂವಿನ ಕೆಳಗೆ ತೊಟ್ಟಿನ ಥರ ಕಾಣೋದು ಪೂರ್ತಿ ತೊಟ್ಟಲ್ಲ, ಅದು ಅಂಡಾಶಯ, ಮುಂದೆ ಅದೇ ಕಾಯಿ. ಎಪಿಲೋಬಿಯಂ ಅನ್ನೋ ಗ್ರೀಕ್ ಹೆಸರಿನ ಅರ್ಥವೂ ಅದೇ, ಕಾಯಿ ಮೇಲೆ ಕೂತಿರೋದು. ಪರೀಕ್ಷೇಲಿ ಅಂಡಾಶಯ ಮೇಲಾ ಕೆಳಗಾ ಅಂತ ಕೇಳಿದ್ರೆ ಹೆಸರು ನೆನಪಿಟ್ಕೊಂಡ್ರೆ ಸಾಕು. ಕಾಯಿ ಒಣಗಿ ನಾಲ್ಕಾಗಿ ಸೀಳಿದಾಗ ಬೀಜಕ್ಕೆ ಬಿಳೀ ರೇಷ್ಮೆ ಕುಚ್ಚು, ಇಲ್ಲೂ ಮತ್ತೆ ಎಕ್ಕವೇ ನೆನಪಾಗುತ್ತೆ, ಸಂಬಂಧ ಏನೂ ಇಲ್ಲ, ಗಾಳೀಲಿ ಹಾರೋಕೆ ಇಬ್ಬರೂ ಬೇರೆ ಬೇರೆಯಾಗಿ ಕಂಡ್ಕೊಂಡ ಉಪಾಯ.

ಕೆಂಪು ಬಣ್ಣ, ಉದ್ದ ಕೊಳವೆ, ಕೂರೋಕೆ ಜಾಗ ಇಲ್ಲ: ಈ ಮೂರೂ ಕಂಡ್ರೆ ಪರಾಗ ಸಾಗಿಸೋದು ಮಕರಂದ ಕುಡಿಯೋ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್ ಅಂತ ಬರೀರಿ. ಜೇನುನೊಣಕ್ಕೆ ಕೆಂಪು ಸರಿಯಾಗಿ ಕಾಣಲ್ಲ, ಹಕ್ಕಿಗೆ ಚೆನ್ನಾಗಿ ಕಾಣುತ್ತೆ. ನಮ್ಮ ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಮೇಲೆ ಕೂತು ಮಕರಂದ ಹೀರುತ್ತಲ್ಲ, ಇದು ಗಾಳೀಲಿ ನಿಂತೇ ಕುಡಿಯುತ್ತೆ. ನಮ್ಮನೆಗೆ ಬರೋದು ಆ್ಯನಾಸ್ ಹಮ್ಮಿಂಗ್‌ಬರ್ಡ್, ವರ್ಷವಿಡೀ ಇಲ್ಲೇ ಇರೋದು, ತೂಕ ಸುಮಾರು 4 ಗ್ರಾಂ. ಆಗಸ್ಟಿಂದ ಅಕ್ಟೋಬರಲ್ಲಿ ಗುಡ್ಡವೆಲ್ಲಾ ಒಣಗಿ ಹುಲ್ಲು ಹೊಂಬಣ್ಣ ಆಗಿ ಬೇರೆ ಹೂವೇ ಇಲ್ಲದಾಗ ಇದು ಹೂ ಬಿಡುತ್ತೆ, ನಮ್ಮ ಲೆಕ್ಕದಲ್ಲಿ ಗಣೇಶನ ಹಬ್ಬದ ಹೊತ್ತಿಗೆ ಜೋರು, ದೀಪಾವಳಿ ಹತ್ರ ಬಂದ್ರೆ ಇಳಿಮುಖ. ಒಂದು ತಮಾಷೆ ನೋಡಿ, ಮರ ಕೊರೆಯೋ ದಪ್ಪ ಕಾರ್ಪೆಂಟರ್ ದುಂಬಿ ಹೂವಿನ ಬಾಯಿಂದ ಒಳಗೆ ಹೋಗೋಕೆ ಆಗದೆ ಕೊಳವೆಯ ಬುಡ ಸೀಳಿ ಕಳ್ಳತನ ಮಾಡುತ್ತೆ. ಉದುರಿದ ಹೂವಿನ ಬುಡ ನೋಡಿ, ಸಣ್ಣ ಸೀಳು ಕಾಣಿಸುತ್ತೆ.

ಇನ್ನು ಬೆಳೆಸೋದು. ಇದು ಹುಟ್ಟಿದ ಜಾಗ ಆರೆಗಾನ್‌ನಿಂದ ಬಾಹಾ ಕ್ಯಾಲಿಫೋರ್ನಿಯಾವರೆಗೆ, ಒಳನಾಡಿನ ಇನ್ನೂ ಕೆಲವು ರಾಜ್ಯಗಳಲ್ಲೂ ಇದೆ, ಒಣ ಇಳಿಜಾರು, ಬಂಡೆ ಸಂದು. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಸ್ಯಾನ್ ಹೋಸೆಗೆ ವರ್ಷಕ್ಕೆ ಬೀಳೋದೇ ಸುಮಾರು 15 ಇಂಚು, ಅದೂ ಹೆಚ್ಚುಕಮ್ಮಿ ನವೆಂಬರಿಂದ ಏಪ್ರಿಲ್ ಒಳಗೆ. ಹಾಗಾಗಿ ನೆಡೋ ಕಾಲ ಅಕ್ಟೋಬರ್, ನವೆಂಬರ್. ಮಳೆ ಜೊತೆಗೆ ಬೇರು ಇಳಿದುಬಿಡುತ್ತೆ. ಮೇ ತಿಂಗಳಲ್ಲಿ ನರ್ಸರೀಲಿ ಚೆನ್ನಾಗಿ ಕಂಡಿತು ಅಂತ ತಂದು ನೆಟ್ಟವಳು ನಾನು.

ಆಗಿದ್ದು ಏನು ಅಂದ್ರೆ, ಹಳೇ ಲಾನಿನ ಡ್ರಿಪ್ ಟೈಮರ್ ಹಾಗೇ ವಾರಕ್ಕೆ ಮೂರು ದಿನ ಓಡ್ತಿತ್ತು. ಜುಲೈಯಲ್ಲಿ ಒಂದು ಗಿಡ ಬಾಡ್ತು. ಬಾಡ್ತಿದೆ ಅಂದ್ರೆ ನೀರು ಸಾಲ್ತಿಲ್ಲ ಅಂತ ಇನ್ನೂ ಹಾಕ್ದೆ. ವಾರದಲ್ಲಿ ಬುಡ ಕಪ್ಪಾಯ್ತು, ಎಳೆದ್ರೆ ಮೂಲಂಗಿ ಕಿತ್ತ ಹಾಗೆ ಕೈಗೆ ಬಂತು, ಬೇರು ಪೂರ್ತಿ ಕೊಳೆತಿತ್ತು. ಬಿಸಿ ಮಣ್ಣು ಜೊತೆಗೆ ಒದ್ದೆ ಮಣ್ಣು, ಕೊಳೆರೋಗದ ಶಿಲೀಂಧ್ರಗಳಿಗೆ ಬೇಕಾಗಿರೋದು ಅಷ್ಟೇ, ಈ ಬೇರುಗಳಿಗೆ ಆ ಜೋಡಿ ಅಭ್ಯಾಸವೇ ಇಲ್ಲ. ಚಳಿಗಾಲದಲ್ಲಿ ಅದೇ ಒದ್ದೆ ಮಣ್ಣು ತೊಂದ್ರೆ ಕೊಡಲ್ಲ ಯಾಕಂದ್ರೆ ಮಣ್ಣು ತಣ್ಣಗಿರುತ್ತೆ. ಬೆಂಗಳೂರಿಗೆ ಬೀಜ ಕಳಿಸು ಅಂತ ನನ್ನ ತಂಗಿ ಕೇಳಿದಾಗ್ಲೂ ಇದೇ ಕಾರಣ ಹೇಳ್ದೆ, ಅಲ್ಲಿ ಮಳೆ ಬರೋದೇ ಬೆಚ್ಚಗಿನ ತಿಂಗಳಲ್ಲಿ.

ಈಗ ನಾನು ಮಾಡೋದು: ಮೊದಲ ಬೇಸಿಗೆ ಹತ್ತು ದಿನಕ್ಕೊಮ್ಮೆ, ನಿಧಾನಕ್ಕೆ, ಆಳಕ್ಕೆ ಇಳಿಯೋ ಹಾಗೆ, ಬೆಳಗ್ಗೆ ಹೊತ್ತು. ಎರಡನೇ ಬೇಸಿಗೆಯಿಂದ ಮೂರ್ನಾಲ್ಕು ವಾರಕ್ಕೊಮ್ಮೆ. ಹಾಕೋಕೆ ಮುಂಚೆ ಉದ್ದ ಸ್ಕ್ರೂಡ್ರೈವರ್ ಚುಚ್ಚಿ ನೋಡ್ತೀನಿ, ಸಲೀಸಾಗಿ ಇಳಿದ್ರೆ ಕೆಳಗೆ ತೇವ ಇದೆ, ನೀರು ಬೇಡ.

ಮಣ್ಣು ನಮ್ಮ ಕಡೆಯದು ಜೇಡಿ, ಬೇಸಿಗೇಲಿ ಗದಗ ಕಡೆ ಎರೆಹೊಲದ ಹಾಗೆ ಬಿರುಕು ಬಿಡುತ್ತೆ. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಂದ್ಸಲ ತುಂಬಿಸಿ, ಮಾರನೇ ದಿನವೂ ನಿಂತಿದ್ರೆ ಅಲ್ಲಿ ದಿಣ್ಣೆ ಮಾಡಿ ನೆಡಿ. ಗುಂಡಿ ಕುಂಡದಷ್ಟೇ ಆಳ, ಬುಡ ಸುತ್ತಲಿನ ಮಣ್ಣಿಗಿಂತ ಸ್ವಲ್ಪ ಮೇಲೆ. ಗೊಬ್ಬರ, ಕಾಂಪೋಸ್ಟ್ ಏನೂ ಬೇಡ, ನಮ್ಮ ಕೈ ಸುಮ್ನಿರಲ್ಲ ಅಂತ ಗೊತ್ತು, ಆದ್ರೂ ಬೇಡ. ಎರಡರಿಂದ ಮೂರಡಿ ಅಂತರ ಇಡಿ. ಗೋಫರ್ (ನೆಲದಡಿ ಬಿಲ ತೋಡಿ ಬೇರು ತಿನ್ನೋ ಇಲಿಯಂಥ ಪ್ರಾಣಿ) ಕಾಟ ಇರೋರು ತಂತಿ ಬುಟ್ಟೀಲಿ ನೆಡಿ.

ತಳಿ ಬಗ್ಗೆ ಒಂದೇ ಮಾತು, ನೆಲಹೊದಿಕೆ ಬೇಕು ಅಂದ್ರೆ ಎವರೆಟ್ಸ್ ಚಾಯ್ಸ್ ತಗೊಳ್ಳಿ, ತಗ್ಗಾಗಿ ಹರಡುತ್ತೆ. ಸೆಲೆಕ್ಟ್ ಮಟೋಲ್ ಇನ್ನೂ ಬೆಳ್ಳಿ, ಅದೂ ತಗ್ಗೇ, ಆದ್ರೆ ಅದು ಕರಾವಳಿ ಕಡೆಯದು, ಒಳನಾಡಿನ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ನೆರಳು ಬೇಕು. ಕ್ಯಾಟಲೀನಾ ಮೂರಡಿ ದಾಟುತ್ತೆ, ನೆಲಹೊದಿಕೆ ಅಂತ ಯಾರಾದ್ರೂ ಮಾರಿದ್ರೆ ನಂಬ್ಬೇಡಿ.

ಡಿಸೆಂಬರಲ್ಲಿ ಇದು ನೋಡೋಕೆ ಚೆನ್ನಾಗಿರಲ್ಲ. ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ಬಾಗಿಲಲ್ಲೇ ನಿಂತು, "ಇದೇನೇ ಇದು, ಪೊರಕೆ ಕಡ್ಡಿ ನೆಟ್ಕೊಂಡಿದೀಯಾ ಮನೆ ಮುಂದೆ, ಕಿತ್ತು ಬಿಸಾಕೋದು ಬಿಟ್ಟು" ಅಂದ್ರು. "ಜೀವ ಇದೆ ಕಣಮ್ಮ, ಬುಡ ನೋಡು" ಅಂತ ಮಣ್ಣು ಕೆದಕಿ ತೋರಿಸ್ದೆ, ಅಕ್ಕಿಕಾಳಿನಷ್ಟು ಗುಲಾಬಿ ಮೊಳಕೆ ಇದ್ವು. ಕಿತ್ತು ಹಾಕೋದಲ್ಲ, ಕತ್ತರಿಸೋದು: ಹೂವು ನಿಂತ ಮೇಲೆ ನೆಲದಿಂದ ಎರಡು ಮೂರು ಇಂಚು ಬಿಟ್ಟು ಎಲ್ಲಾ ಕತ್ತರಿಸಿ. ಬಿಟ್ರೆ ಕಡ್ಡಿ ಬಲಿತು ನಡುವೆ ಬೋಳಾಗುತ್ತೆ. ಮೇ ಕೊನೇಲಿ ಇನ್ನೊಮ್ಮೆ ತುದಿ ಚಿವುಟಿದ್ರೆ ಕವಲು ಹೆಚ್ಚು, ಹೂವೂ ಹೆಚ್ಚು.

ಹರಡೋದು ನೆಲದೊಳಗಿನ ಕಾಂಡದಿಂದ. ಇದು ಗುಣವೂ ಹೌದು ದೋಷವೂ ಹೌದು, ಇಳಿಜಾರಲ್ಲಿ ಮಣ್ಣು ಹಿಡಿಯುತ್ತೆ, ಆದ್ರೆ ನನ್ನ ಕಾಲುದಾರಿ ಕಲ್ಲಿನ ಸಂದೀಲೂ ಎದ್ದಿದೆ. ಪಕ್ಕದಲ್ಲಿ ಸೂಕ್ಷ್ಮ ಗಿಡ ಇಡಬೇಡಿ, ಡಿಯರ್ ಗ್ರಾಸ್ ಅನ್ನೋ ಗುತ್ತಿ ಹುಲ್ಲು, ಕಾಡು ಬಕ್‌ವೀಟ್ ಥರದ ಗಟ್ಟಿಮುಟ್ಟಾದವು ಇರಲಿ. ತಳಿ ಹಾಗೇ ಬೇಕು ಅಂದ್ರೆ ಬೀಜ ಅಲ್ಲ, ಬೇರಿನ ತುಂಡು ಅಥವಾ ವಸಂತದ ಎಳೇ ಕಡ್ಡಿ. ದಾರಿಗೆ ಬಂದಿರೋವನ್ನ ನಾನು ಜನವರೀಲಿ ಒಂದು ಮಳೆ ಆದ ಮೇಲೆ ಎಬ್ಬಿಸ್ತೀನಿ, ನಾಲ್ಕೈದು ಜನಕ್ಕೆ ಆಗುವಷ್ಟಿದೆ, ಬರೋರು ಖಾಲಿ ಕುಂಡ ತಗೊಂಡ್ ಬನ್ನಿ, ಪಾಟಿಂಗ್ ಮಿಕ್ಸ್ (ಕುಂಡಕ್ಕೆ ತುಂಬೋ ರೆಡಿಮೇಡ್ ಮಣ್ಣು) ತರಬೇಡಿ.