ಫ್ಯಾಂಟಸಿಯ ನಾಯಕಿ ಈಚೆಗೆ ಬಂದವಳೇ?

ಪ್ರಶ್ನೆ: ಫ್ಯಾಂಟಸಿ ಎನ್ನುವುದು ಮೂಲದಲ್ಲಿ ಗಂಡು ನಾಯಕರ ಸಾಹಸದ ಕಥೆಯಲ್ಲವೇ? ಈಗ ಎಲ್ಲೆಡೆ ನಾಯಕಿಯರನ್ನು ತಂದು ಕೂರಿಸುತ್ತಿರುವುದು ಬರಿಯ ಫ್ಯಾಶನ್ ಅಲ್ಲವೇ?

ಈ ಪ್ರಶ್ನೆ ಚಿಕ್ಕಮಗಳೂರಿನಿಂದಲೂ ಬರುತ್ತದೆ, ಹಾಸನದಿಂದಲೂ ಬರುತ್ತದೆ. ಕೇಳುವವರು ಬದಲಾದರೂ ಧಾಟಿ ಬದಲಾಗುವುದಿಲ್ಲ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಎಲ್ಲವನ್ನೂ ಒಮ್ಮೆಗೇ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಮೊದಲು ಇಸವಿಗಳನ್ನು ನೋಡಿ. ಮಾಯಾಮಂತ್ರಗಳ ಅದ್ಭುತಲೋಕ ಕಟ್ಟುವ ಈ ಪ್ರಕಾರಕ್ಕೆ ಇಂದಿನ ಅಚ್ಚು ಹಾಕಿಕೊಟ್ಟದ್ದು ಇಂಗ್ಲಿಷ್ ಲೇಖಕ ಟೋಲ್ಕಿನ್ನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎನ್ನುತ್ತಾರೆ. ಅದು ಪ್ರಕಟವಾದದ್ದು 1954-55ರಲ್ಲಿ, ಅದರಲ್ಲಿ ಕೇಡಿನ ಉಂಗುರವೊಂದನ್ನು ನಾಶಮಾಡಲು ಹೊರಟ ಒಂಬತ್ತು ಮಂದಿಯೂ ಗಂಡಸರೇ ಎಂಬುದೂ ನಿಜ. ಆದರೆ ಮೊಲದ ಬಿಲಕ್ಕಿಳಿದ ಆಲಿಸ್ 1865ರವಳು, ಸುಂಟರಗಾಳಿಗೆ ಸಿಕ್ಕಿ ಆಜ್ ಎಂಬ ಮಾಯಾದೇಶ ಸೇರಿದ ಡೊರೊತಿ 1900ರವಳು. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂಗಾಳದ ಬೇಗಂ ರೊಕೆಯಾ ಬರೆದ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ರಾಜ್ಯಭಾರವೆಲ್ಲ ಹೆಂಗಸರದು, ಗಂಡಸರಿಗೆ ಅಂತಃಪುರವಾಸ. ಕತ್ತಿ ಹಿಡಿದವಳಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎನ್ನುವವರಿಗೆ ಸಿ. ಎಲ್. ಮೂರ್ ಎಂಬ ಲೇಖಕಿಯ ಜಿರೆಲ್ ಇದ್ದಾಳೆ; ಸ್ವಂತ ಕೋಟೆಯನ್ನಾಳುವ ಈ ಯೋಧೆಯ ಮೊದಲ ಕಥೆ ಬಂದದ್ದು 1934ರಲ್ಲಿ, ಎಂದರೆ ಆ ಒಂಬತ್ತು ಮಂದಿ ಹೊರಡುವುದಕ್ಕೆ ಇಪ್ಪತ್ತು ವರ್ಷ ಮೊದಲು.

ಹೊರಗಿನ ಪುಸ್ತಕ ಓದಿಲ್ಲವೆಂದರೆ ಕ್ಷಮಿಸಬಹುದು. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನನ್ನು ‘ನಮ್ಮ ಜಿಲ್ಲೆಯ ಕವಿ’ ಎಂದು ಸಭೆಗಳಲ್ಲಿ ಕೊಂಡಾಡುವವರೇ ಈ ಪ್ರಶ್ನೆ ಕೇಳಿದಾಗ ಮಾತ್ರ ನನಗೆ ಸಹನೆ ಉಳಿಯುವುದಿಲ್ಲ. ‘ಜೈಮಿನಿ ಭಾರತ’ದಲ್ಲಿ ಅಶ್ವಮೇಧದ ಕುದುರೆ ಹೋದಲ್ಲೆಲ್ಲ ಅದ್ಭುತಗಳೇ ಎದುರಾಗುತ್ತವೆ. ಹೆಂಗಸರೇ ಆಳುವ ನಾಡಿನ ಪ್ರಮೀಳೆ ಕುದುರೆಯನ್ನು ಕಟ್ಟಿ ಅರ್ಜುನನನ್ನೇ ಯುದ್ಧಕ್ಕೆ ಕರೆಯುತ್ತಾಳೆ. ಅವಳಿಗಿಂತಲೂ ನನಗೆ ದೊಡ್ಡವಳಾಗಿ ಕಾಣುವವಳು ಜ್ವಾಲೆ. ಗಂಡ ನೀಲಧ್ವಜ ಅರ್ಜುನನಿಗೆ ಶರಣಾದದ್ದನ್ನು ಸಹಿಸದೆ ಅವಳು ಮನೆ ಬಿಡುತ್ತಾಳೆ. ತಮ್ಮನೂ ನೆರವಾಗದೆ ಹೋದಾಗ ಗಂಗೆಯನ್ನು ದಾಟುತ್ತಾ, ಮಕ್ಕಳಿಲ್ಲದವಳ ನೀರು ಕಾಲಿಗೆ ಸೋಕಿತೆಂದು ಸಿಡುಕುತ್ತಾಳೆ. ಆ ಒಂದು ಮಾತಿನಿಂದ, ಭೀಷ್ಮನನ್ನು ಕೊಂದವನ ಮೇಲೆ ಗಂಗೆಯ ಕೋಪ ಕೆರಳಿ ಅರ್ಜುನನಿಗೆ ಶಾಪ ತಗುಲುತ್ತದೆ. ಜ್ವಾಲೆ ಬೆಂಕಿಗೆ ಹಾರಿ, ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಅರ್ಜುನನ ತಲೆ ಉರುಳುವುದು ಆ ಬಾಣದಿಂದ. ಅವನನ್ನು ಮತ್ತೆ ಬದುಕಿಸುವ ಮಣಿಯನ್ನು ಪಾತಾಳದಿಂದ ತರಿಸುವ ಯೋಚನೆ ಉಲೂಪಿಯದು. ಕೊಂದವಳೂ ಹೆಣ್ಣು, ಉಳಿಸಿದವಳೂ ಹೆಣ್ಣು; ನಾವು ಮಾತ್ರ ಆ ಭಾಗವನ್ನು ‘ಬಭ್ರುವಾಹನನ ಕಥೆ’ ಎಂದು ಕರೆಯುತ್ತ ಬಂದಿದ್ದೇವೆ. ಆದ್ದರಿಂದ ನಾಯಕಿ ಈಚೆಗೆ ಬಂದವಳು ಎಂಬ ಮಾತನ್ನು ದಯವಿಟ್ಟು ಇಲ್ಲಿಗೆ ಬಿಡಿ.

ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ನಾಯಕಿ ಇದ್ದಾಳೆಯೇ ಎಂಬುದರಲ್ಲಿಲ್ಲ, ಅವಳನ್ನು ಹೇಗೆ ನೋಡಲಾಗುತ್ತದೆ, ಅವಳ ಕಥೆಯನ್ನು ಎಲ್ಲಿಗೆ ಮುಟ್ಟಿಸಲಾಗುತ್ತದೆ ಎಂಬುದರಲ್ಲಿದೆ. ನೋಟದ ವಿಷಯಕ್ಕೆ ಬೇಲೂರಿಗಿಂತ ದೂರ ಹೋಗಬೇಕಾಗಿಲ್ಲ. ಚೆನ್ನಕೇಶವ ದೇವಾಲಯದ ಬಾಗಿಲ ಪಕ್ಕದಲ್ಲಿ ಸಳ ಮೃಗದೊಂದಿಗೆ ಸೆಣಸುತ್ತಾನೆ. ಮೇಲೆ ಸೂರಿನ ಕೆಳಗಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಬಂದವರೆಲ್ಲ ಕತ್ತೆತ್ತಿ ಹುಡುಕುವುದು ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು, ಬೇಟೆಗಾರ್ತಿ ಯಾವ ಮೂಲೆಯಲ್ಲಿದ್ದಾಳೆಂದು ವಿಚಾರಿಸುವವರು ಅಪರೂಪ. ಶಿಲ್ಪಿ ಇಬ್ಬರನ್ನೂ ಕಡೆದಿದ್ದಾನೆ, ಆಯ್ಕೆ ನೋಡುವವರದು. ಫ್ಯಾಂಟಸಿ ಲೇಖಕರೂ ಬಹುಮಟ್ಟಿಗೆ ಹೀಗೆಯೇ, ನಾಯಕನನ್ನು ಅವನ ಕೆಲಸದಿಂದ ಪರಿಚಯಿಸಿ ನಾಯಕಿಯನ್ನು ಅವಳ ಕೂದಲಿನಿಂದ ಪರಿಚಯಿಸುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಮುಕ್ತಾಯ. ಟೋಲ್ಕಿನ್ನನ ಎಯೊವಿನ್ ಗಂಡುವೇಷದಲ್ಲಿ ರಣರಂಗಕ್ಕೆ ಹೋಗಿ, ಯಾವ ಗಂಡಸಿನ ಕೈಯಿಂದಲೂ ಸಾಯಲಾರನೆಂಬ ಭವಿಷ್ಯವಾಣಿಯಿದ್ದ ಶತ್ರುವನ್ನು ಕೊಲ್ಲುತ್ತಾಳೆ. ಕೊನೆಗೆ ಯೋಧೆಯಾಗಿ ಬಾಳುವ ಆಸೆಯನ್ನು ಬಿಟ್ಟು ಮದುವೆಗೆ ಒಪ್ಪುತ್ತಾಳೆ. ಅದೇ ಕಥೆಯ ವೀರ ಅರಗಾರ್ನನೂ ಮದುವೆಯಾಗುತ್ತಾನೆ, ಆದರೆ ಅವನಿಗೆ ಕತ್ತಿಯೂ ಉಳಿಯುತ್ತದೆ, ಸಿಂಹಾಸನವೂ ಸಿಗುತ್ತದೆ. ನಮ್ಮ ಪ್ರಮೀಳೆಯ ಪಾಡೂ ಅದೇ: ಯುದ್ಧ ಮದುವೆಯ ಮಾತಿನಲ್ಲಿ ಮುಗಿದು ಅವಳು ಹಸ್ತಿನಾವತಿಯ ದಾರಿ ಹಿಡಿಯಬೇಕು, ಅರ್ಜುನ ಮಾತ್ರ ಕುದುರೆಯ ಹಿಂದೆ ಮುಂದಿನ ಸಾಹಸಕ್ಕೆ ಹೋಗಬಹುದು. ಈ ಜಾಡನ್ನು ಗುರುತಿಸಿ ತನ್ನದೇ ಬರಹವನ್ನು ಮರುಪರಿಶೀಲಿಸಿದ ಲೇಖಕಿ ಅರ್ಸುಲಾ ಲೆ ಗ್ವಿನ್. 1968ರಲ್ಲಿ ಆಕೆ ಕಟ್ಟಿದ ಅರ್ತ್‌ಸೀ ಲೋಕದ ಮಂತ್ರವಿದ್ಯೆಯ ಶಾಲೆಯಲ್ಲಿ ಹುಡುಗಿಯರಿಗೆ ಪ್ರವೇಶವಿರಲಿಲ್ಲ. 1990ರ ‘ತೆಹಾನು’ವಿನಲ್ಲಿ ಅದೇ ಲೋಕಕ್ಕೆ ಮರಳಿ, ಹೊಲಮನೆ ನೋಡಿಕೊಂಡಿರುವ ನಡುವಯಸ್ಸಿನ ವಿಧವೆಯೊಬ್ಬಳನ್ನು ಕಥೆಯ ನಡುವೆ ನಿಲ್ಲಿಸಿದಳು. ಮಾಂತ್ರಿಕನಾಗಿದ್ದ ಹಳೆಯ ನಾಯಕ ಶಕ್ತಿಯೆಲ್ಲ ಕಳೆದುಕೊಂಡು ಅವಳ ಆರೈಕೆಗೆ ಬರುತ್ತಾನೆ.

ಇಲ್ಲಿಂದ ಹುಟ್ಟುವ ಇನ್ನೊಂದು ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ: ಗಂಡು ಪಾತ್ರಗಳಿಗಾದರೂ ನ್ಯಾಯ ಸಿಕ್ಕಿದೆಯೇ? ಗೆಲ್ಲಲೇಬೇಕು, ಅಳಬಾರದು, ಯಾರ ಆಸರೆಯನ್ನೂ ಬಯಸಬಾರದು ಎಂಬ ಕಟ್ಟಳೆ ಅವರ ಮೇಲಿದೆ. ಒಳ್ಳೆಯ ಲೇಖಕರು ಅದನ್ನೂ ಮುರಿದಿದ್ದಾರೆ. ಟೋಲ್ಕಿನ್ನನ ಕಥೆಯಲ್ಲಿ ಉಂಗುರವನ್ನು ಅಷ್ಟು ದೂರ ಹೊತ್ತ ಫ್ರೋಡೋಗೆ ಕಡೆಯ ಗಳಿಗೆಯಲ್ಲಿ ಅದನ್ನು ಬೆಂಕಿಗೆಸೆಯಲು ಮನಸ್ಸಾಗುವುದಿಲ್ಲ. ಊರಿಗೆ ಮರಳಿದ ಮೇಲೂ ಅವನ ಗಾಯ ಮಾಯುವುದಿಲ್ಲ. ಲಕ್ಷ್ಮೀಶನ ಚಂದ್ರಹಾಸನಂತೂ ತನ್ನ ಸಾವಿನ ಆಜ್ಞೆ ಇರುವ ಓಲೆಯನ್ನು ಹೊತ್ತು ತಂದು, ಅದನ್ನರಿಯದೆ ಉದ್ಯಾನದಲ್ಲಿ ನಿದ್ದೆ ಹೋಗುತ್ತಾನೆ. ಓಲೆಯನ್ನು ಓದಿ, ತಿದ್ದಿ, ಅವನ ಜೀವ ಉಳಿಸುವವಳು ಶತ್ರುವಿನ ಮಗಳು ವಿಷಯೆ. ಆ ಗಳಿಗೆಯಲ್ಲಿ ಮಲಗಿದ್ದಕ್ಕೆ ಚಂದ್ರಹಾಸ ನಾಯಕನೇ ಅಲ್ಲವೆಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ನನಗೆ ಬರೆದಿಲ್ಲ.